ಆರು ಜಿಬಿಯ ಅಡುಗೆಮನೆ

ಕಂಪ್ಯೂಟರ್ ಬಂದು ಒಂಬತ್ತು ದಿನವಾಗಿತ್ತು. ಅದರಲ್ಲಿ ಯಾವ ಆಟ ಇರಬೇಕು, ಯಾವುದು ಬೇಡ ಎನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಹೆಣ್ಣು ನೋಡಿ ಒಪ್ಪಿಕೊಳ್ಳಲು ಹೇಮಂತನಿಗೆ ಎರಡೇ ಭಾನುವಾರ ಸಾಕಾಗಿತ್ತು. ಆಟ ನೋಡಿ ಒಪ್ಪಿಕೊಳ್ಳಲು ಎರಡನೇ ವಾರವೂ ಸಾಲುತ್ತಿರಲಿಲ್ಲ. ಆಫೀಸಿನಿಂದ ಬಂದವನೇ ಕೈಕಾಲು ತೊಳೆದು, ಊಟದ ತಟ್ಟೆಯನ್ನು ರೂಮಿಗೇ ಒಯ್ದು, ಒಂದೊಂದು ಆಟದ ಬಗ್ಗೆ ಯಾರ್ಯಾರೋ ಮಾಡಿದ ವಿಡಿಯೋ ನೋಡುತ್ತ ಕೂರುತ್ತಿದ್ದ.

ಅಬ್ಬಿಗೆರೆಯ ಆ ಎರಡನೇ ಮಹಡಿಯ ಮನೆಯಲ್ಲಿ ಇದ್ದವರು ನಾಲ್ಕೇ ಜನ. ಶೇಖರಪ್ಪ ಬಾಗಲಕೋಟೆ ಕಡೆಯವನು, ಇಪ್ಪತ್ತಾರು ವರ್ಷದಿಂದ ಪೀಣ್ಯದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಕೆಲಸ. ಹೆಂಡತಿ ಕಸ್ತೂರಿ. ಒಬ್ಬನೇ ಮಗ ಹೇಮಂತ, ಹೆಬ್ಬಾಳದ ಹತ್ತಿರ ಅವನ ಆಫೀಸು. ಸೊಸೆ ರಕ್ಷಾ ಮದುವೆಯಾಗಿ ಬಂದು ನಾಲ್ಕು ತಿಂಗಳು. ಯಲಹಂಕದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸಕ್ಕಿದ್ದಳು. ಅವಳ ಅಪ್ಪನೂ ಆ ಕಡೆಯವನೇ, ಗದಗಿನವನು. ಆದರೆ ಅವಳು ಹುಟ್ಟಿ ಬೆಳೆದದ್ದು ಪುಟ್ಟೇನಹಳ್ಳಿಯಲ್ಲಿ, ತಿಂದು ಬೆಳೆದದ್ದು ಅನ್ನ, ಚಪಾತಿ.

ಕಂಪ್ಯೂಟರ್ ಎಂದರೆ ಒಂದು ಕಪ್ಪು ಡಬ್ಬ, ಒಂದು ಪಕ್ಕ ಗಾಜು, ಒಳಗೆ ಬಣ್ಣಬಣ್ಣದ ದೀಪ. ಬಂದ ದಿನ ಕಸ್ತೂರಿ ಅದಕ್ಕೆ ವಿಭೂತಿ ಕುಂಕುಮ ಹಚ್ಚಿ, ಹಾಡುಹಗಲೂ ಇದಕ್ಕೆ ದೀಪ ಯಾಕೆ ಎಂದು ಕೇಳಿದ್ದಳು. ಮಗನಿಗೂ ಉತ್ತರ ಗೊತ್ತಿರಲಿಲ್ಲ. ಹಾಲಿನಲ್ಲಿ ಟಿವಿಯೂ ಅದರ ಮುಂದೆ ಶೇಖರಪ್ಪನೂ ಇದ್ದುದರಿಂದ ಡಬ್ಬ ಗಂಡ ಹೆಂಡತಿಯ ರೂಮು ಸೇರಿತು. ಮಗನ ಮದುವೆಯಾದ ಮೇಲೆ ಕಸ್ತೂರಿ ಆ ರೂಮಿನ ಹೊಸ್ತಿಲು ದಾಟಿರಲಿಲ್ಲ. ಮಗ ಸೊಸೆಯ ರೂಮಿಗೆ ಅತ್ತೆಯಾದವಳು ಕಾಲಿಡಬಾರದೆಂಬುದು ಅವಳ ಅತ್ತೆ ಪಾಲಿಸಿದ ಪದ್ಧತಿ, ಅವಳೂ ಪಾಲಿಸುತ್ತಿದ್ದಳು. ಕಸವನ್ನೂ ಬಾಗಿಲವರೆಗೆ ಗುಡಿಸಿ ನಿಲ್ಲಿಸುತ್ತಿದ್ದಳು.

ಹತ್ತನೆಯ ದಿನ ಹೇಮಂತ ಹೆಂಡತಿಯ ಮುಂದೆ ಪಟ್ಟಿ ಇಟ್ಟ. ಆಫೀಸಿನ ಸಾಮಾನೆಲ್ಲ ಹೋಗಿ ಡಿಸ್ಕಿನಲ್ಲಿ ಉಳಿದದ್ದು ಇಷ್ಟೇ ಜಾಗ. ಯುದ್ಧದ ಆಟವೊಂದು ಬೇಕೇ ಬೇಕು, ಅದಕ್ಕೇ ನೂರೈವತ್ತು ಜಿಬಿ. ಕಾರು ಓಡಿಸುವುದು ಒಂದು, ಅದು ನೂರು. ಫುಟ್‌ಬಾಲೋ ರಾಜಮಹಾರಾಜರದ್ದೋ ಎನ್ನುವುದು ಇನ್ನೂ ಗೊಂದಲ. ನಿನಗೇನಾದರೂ ಬೇಕಾ ಎಂದು ಕೊನೆಗೆ, ಮದುವೆ ಮನೆಯಲ್ಲಿ ಎಲೆ ಎತ್ತುವ ಹೊತ್ತಿಗೆ ಇನ್ನೊಂದು ಹೋಳಿಗೆ ಬೇಕಾ ಎಂದು ಕೇಳುವವರ ಹಾಗೆ ಕೇಳಿದ.

ರಕ್ಷಾಗೆ ಬೇಕಿತ್ತು. ಅವಳಿಗೂ ಅವಳ ಕಾಲೇಜಿನ ಗೆಳತಿ ಸುಮೈರಾಗೂ ಮೂರು ವರ್ಷದಿಂದ ಒಂದು ಆಟ. ಇಬ್ಬರೂ ಸೇರಿ ಒಂದು ಹೋಟೆಲಿನ ಅಡುಗೆಮನೆ ನಡೆಸಬೇಕು. ತರಕಾರಿ ಹೆಚ್ಚಬೇಕು, ಅನ್ನ ಇಡಬೇಕು, ಸೀಯುವ ಮುಂಚೆ ಇಳಿಸಬೇಕು, ತಟ್ಟೆ ತೊಳೆಯಬೇಕು. ಗಿರಾಕಿಗಳು ಮಾತ್ರ ಕಾಯುವುದಿಲ್ಲ. ಆರ್.ಟಿ. ನಗರದ ಮನೆಯಿಂದ ಸುಮೈರಾ, ಪುಟ್ಟೇನಹಳ್ಳಿಯಿಂದ ಇವಳು, ಪ್ರತಿ ಭಾನುವಾರ ಹನ್ನೊಂದಕ್ಕೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಒಂದು ಗಂಟೆ ಒಬ್ಬರನ್ನೊಬ್ಬರು ಬೈದುಕೊಂಡು ಹಗುರಾಗಿ ಏಳುತ್ತಿದ್ದರು. ಮದುವೆಯಾಗಿ ಲ್ಯಾಪ್‌ಟಾಪ್ ತಮ್ಮನ ಪಾಲಾದ ಮೇಲೆ ಅದು ನಿಂತಿತ್ತು. ಈ ಮನೆಯಲ್ಲಿ ಅವಳಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಭಾನುವಾರ ಹನ್ನೊಂದಾಯಿತೆಂದರೆ ಮನಸ್ಸು ತನ್ನದೆನ್ನುವ ಒಂದು ಮೂಲೆ ಹುಡುಕುತ್ತಿತ್ತು.

"ಆರೇ ಜಿಬಿ ಅದು. ಮನೇಲಿ ಮಾತ್ರ ಹೇಳ್ಬೇಡ. ಸೊಸೆ ಗೇಮ್ ಆಡ್ತಾಳೆ ಅಂದ್ರೆ ಅತ್ತೆ ಏನಂದ್ಕೋತಾರೋ" ಎಂದಳು.

ಹೇಮಂತ ಒಪ್ಪಿದ. ಅತ್ತೆಗೆ ಹೇಳಿದ್ದರೆ ಆಕೆ ಹೆಚ್ಚೆಂದರೆ ಒಂದು ಸಲ ಹುಬ್ಬೇರಿಸಿ ಮೆಂತ್ಯೆ ಸೋಸಲು ಕೂರುತ್ತಿದ್ದಳು. ಹೇಳದೆ ಹೋದದ್ದೇ ಮುಂದಿನ ರಗಳೆಗೆಲ್ಲ ಮೂಲವಾಯಿತು.

ಭಾನುವಾರ ಬೆಳಿಗ್ಗೆ ಅಪ್ಪ ಮಗ ಬೈಕಿನಲ್ಲಿ ಯಶವಂತಪುರದ ಮಾರ್ಕೆಟ್ಟಿಗೆ ಹೋಗಿ ವಾರದ ತರಕಾರಿ ತರುವುದು ವಾಡಿಕೆ. ಅವರು ಅತ್ತ ಹೋದರು, ಇತ್ತ ರಕ್ಷಾ ಬಾಗಿಲು ಮುಂದಕ್ಕೆ ಮಾಡಿಕೊಂಡಳು. ರೂಮಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಹೇಮಂತ ಆಡುವಾಗ ಆ ಗೋಡೆಯಾಚೆಯಿಂದ ಬರೀ ಗುಂಡಿನ ಸದ್ದು ಬರುತ್ತಿತ್ತು. ಈಗ ಹೆಡ್‌ಫೋನಿನಿಂದಾಗಿ ಆಟದ ಸದ್ದು ಒಂದಿಷ್ಟೂ ಇಲ್ಲ, ಸೊಸೆಯ ದನಿ ಮಾತ್ರ ಸ್ಪಷ್ಟ. ಕಸ್ತೂರಿ ಆಗ ಹೀರೇಕಾಯಿ ಹೆರೆಯುತ್ತಿದ್ದಳು.

"ಪ್ಲೇಟ್ ಒಂದೂ ತೊಳೆದಿಲ್ಲ ಕಣೇ ಸುಮೈರಾ, ಎಲ್ಲಾ ಗಲೀಜಾಗಿ ಬಿದ್ದಿದೆ" ಎಂದಿತು ದನಿ. ಸ್ವಲ್ಪ ಹೊತ್ತಿಗೆ, "ಅನ್ನ ಮತ್ತೆ ಸೀದೋಯ್ತು." ಆಮೇಲೆ ನಗುತ್ತ, "ನಾನೊಬ್ಳೇ ಎಷ್ಟು ಅಂತ ಮಾಡ್ಲಿ ಹೇಳು, ಇಲ್ಲಿ ಯಾರೂ ಕೈ ಹಾಕಲ್ಲ."

ಕಸ್ತೂರಿಯ ಕೈ ನಿಂತಿತು. ಸಿಂಕಿನಲ್ಲಿ ನಿಜವಾಗಿಯೂ ನಾಲ್ಕು ತಟ್ಟೆ ಬಿದ್ದಿದ್ದವು. ಹಿಂದಿನ ದಿನದಿಂದ ಮಂಡಿ ನೋಯುತ್ತಿತ್ತೆಂದು ಬಿಟ್ಟಿದ್ದಳು. ಗುರುವಾರ ಅನ್ನವೂ ಒಂದಿಷ್ಟು ಸೀದಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಅಡುಗೆಮನೆಯ ಬಗ್ಗೆ ಅತ್ತೆಯೂ ಒಂದು ಮಾತಾಡಿರಲಿಲ್ಲ. ನಾಲ್ಕು ತಿಂಗಳ ಸೊಸೆ ಗೆಳತಿಗೆ ಫೋನ್ ಹಚ್ಚಿ, ಬಾಗಿಲು ಹಾಕಿಕೊಂಡು, ನಗುನಗುತ್ತ ವರದಿ ಒಪ್ಪಿಸುತ್ತಿದ್ದಾಳೆ. ಎಂಥ ಹುಡುಗಿ ಇವಳು ಎಂದು ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅವಮಾನವಾಯಿತು. ಮಂಡಿ ನೋವನ್ನು ಮರೆತು ನಾಲ್ಕೂ ತಟ್ಟೆಯನ್ನು ಉಜ್ಜಿ ಉಜ್ಜಿ ತೊಳೆದಳು.

ಮರುದಿನದಿಂದ ಕಸ್ತೂರಿ ಜಗಳವಾಡಲಿಲ್ಲ, ಕೆಲಸ ಕಿತ್ತುಕೊಂಡಳು. ಆ ಮನೆಯಲ್ಲಿ ಜೋಳದ ರೊಟ್ಟಿ ದಿನವೂ ಇಬ್ಬರ ಕೆಲಸ. ಒಬ್ಬಳು ಹಿಟ್ಟು ನಾದಿ ಬಡಿಯಬೇಕು. ಇನ್ನೊಬ್ಬಳು ಹಂಚಿನ ಮುಂದೆ ನಿಂತು, ಮೇಲೆ ನೀರು ಸವರಿ, ಮಗುಚಿ, ಬೇಯಿಸಬೇಕು. ರಕ್ಷಾಗೆ ಬಡಿಯಲು ಬರುತ್ತಿರಲಿಲ್ಲ; ಬೇಯಿಸುವುದನ್ನು ಎರಡು ತಿಂಗಳಲ್ಲಿ ಕಷ್ಟಪಟ್ಟು ಕಲಿತಿದ್ದಳು, ರೊಟ್ಟಿ ಉಬ್ಬಿದಾಗಲೆಲ್ಲ ಅತ್ತೆಯ ಮುಖ ನೋಡುತ್ತಿದ್ದಳು. ಸೋಮವಾರ ಬೆಳಿಗ್ಗೆ ಅವಳು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರೆ ಆಗಲೇ ಎಂಟು ರೊಟ್ಟಿ ಬೆಂದು ಬುಟ್ಟಿಯಲ್ಲಿದ್ದವು.

"ಕರೀಬಾರ್ದಿತ್ತಾ ಅತ್ತೆ?"

"ನಿನಗ್ಯಾಕ ತ್ರಾಸು. ಆಫೀಸಿಗೆ ಹೊಂಡು."

ಮಂಗಳವಾರವೂ ಹಾಗೇ, ಬುಧವಾರವೂ ಹಾಗೇ. ಪಾತ್ರೆಗಳು ಅವಳು ಏಳುವ ಮುಂಚೆ ತೊಳೆದು ಬೋರಲು ಬಿದ್ದಿರುತ್ತಿದ್ದವು. ರೂಮಿನಲ್ಲಿ ಮಲಗಿದ್ದ ರಕ್ಷಾಗೆ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಸದ್ದು ನಿಲ್ಲುತ್ತಿತ್ತು, ಆ ಬಿಡುವಿನಲ್ಲಿ ಅತ್ತೆಯೇ ಎದ್ದು ಹಂಚಿಗೆ ಹಾಕಿ ಬೇಯಿಸಿ ಮತ್ತೆ ಬಂದು ಕೂರುತ್ತಿದ್ದಳು. ತನ್ನ ಕೈಯ ರೊಟ್ಟಿ ಯಾರಿಗೂ ಸೇರುತ್ತಿಲ್ಲವೆಂದು, ಹೇಳಿದರೆ ಬೇಜಾರಾದೀತೆಂದು ಅತ್ತೆ ಸುಮ್ಮನಿದ್ದಾಳೆಂದು ರಕ್ಷಾ ತಿಳಿದಳು. ಅಡುಗೆಮನೆಯಲ್ಲಿ ಬೇಡವಾದವಳು ರೂಮಿಗೆ ಬಂದು ಕೂತಳು. ಸೊಸೆ ರೂಮು ಬಿಟ್ಟು ಬರುವುದಿಲ್ಲವೆಂದು ಅತ್ತೆಯ ಸಿಟ್ಟು ಇನ್ನೂ ಏರಿತು.

ಎರಡನೆಯ ಭಾನುವಾರ ಕಸ್ತೂರಿ ಬೇಡವೆಂದುಕೊಂಡೇ ಗೋಡೆಯ ಹತ್ತಿರ ಕೂತಳು. ಅವರೆಕಾಯಿ ಬಿಡಿಸಲು ಅದಕ್ಕಿಂತ ಒಳ್ಳೆಯ ಜಾಗ ಅಂದು ಕಾಣಿಸಲಿಲ್ಲ. ಆಚೆಯಿಂದ "ಬೆಂಕಿ ಹತ್ಕೊಂತು, ಬೆಂಕಿ ಹತ್ಕೊಂತು" ಎಂದು ಕೇಳಿದ್ದೇ ಎದ್ದು ಒಲೆ ನೋಡಿದಳು. ಸಣ್ಣ ಉರಿಯಲ್ಲಿ ಹಾಲು ತನ್ನಷ್ಟಕ್ಕೆ ಕಾಯುತ್ತಿತ್ತು. ಇದ್ದದ್ದು ಹೇಳಿದ್ದಾಯಿತು, ಈಗ ಇಲ್ಲದ್ದನ್ನೂ ಹೇಳುತ್ತಿದ್ದಾಳಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಅಂದು ಸಂಜೆ ಹೇಮಂತ ಒಬ್ಬನೇ ಚಹಾಕ್ಕೆ ಬಂದಾಗ ತಡೆದು ನಿಲ್ಲಿಸಿದಳು.

"ಭಾನುವಾರ ನಿನ್ನ ಹೇಂತಿ ಕದಾ ಹಾಕ್ಕೊಂಡು ಏನ ಮಾಡ್ತಾಳಂತ ನನಗ ಗೊತ್ತೈತಿ. ಅದು ಈ ಮನ್ಯಾಗ ನಡೆಯೂದು ಬ್ಯಾಡ."

ಅಮ್ಮನಿಗೆ ಆಟದ ವಿಷಯ ಗೊತ್ತಾಗಿಹೋಯಿತು ಎಂದುಕೊಂಡ ಹೇಮಂತ. ಏನು, ಎತ್ತ ಎಂದು ಒಂದು ಮಾತು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳುವ ಧೈರ್ಯ ಅವನಿಗೆ ಹುಟ್ಟಿದಾರಭ್ಯ ಇರಲಿಲ್ಲ. ಆಯಿತಮ್ಮ, ನಾನು ನೋಡಿಕೊಳ್ಳುತ್ತೇನೆ ಎಂದು ಚಹಾ ಎತ್ತಿಕೊಂಡು ಹೋದ. ಹೆಂಡತಿಗೆ ಹೇಳಿದರೆ ಅವಳಿಗೆ ನೋವು, ಹೇಳದಿದ್ದರೆ ಅಮ್ಮನಿಗೆ ಸಿಟ್ಟು. ಎರಡೂ ಬೇಡವೆಂದು, ಅವಳು ಸ್ನಾನಕ್ಕೆ ಹೋದಾಗ ಆ ಅಡುಗೆಮನೆ ಆಟವನ್ನೇ ಅಳಿಸಿಹಾಕಿದ.

ಮೂರನೆಯ ಭಾನುವಾರ ಹನ್ನೊಂದಕ್ಕೆ ರಕ್ಷಾ ಹುಡುಕಿದಳು, ಆಟವಿಲ್ಲ. ಮಾರ್ಕೆಟ್ಟಿನಿಂದ ಬಂದ ಗಂಡನನ್ನು ಕೇಳಿದಳು. ಅವನು ಎಲ್ಲೋ ನೋಡುತ್ತ, ಜಾಗ ಸಾಲಲಿಲ್ಲ ಎಂದ.

"ನಿನ್ನ ಯುದ್ಧ ನೂರೈವತ್ತು ಜಿಬಿ ಹೇಮಂತ್. ಕಾರು ನೂರು. ನಂದು ಆರು. ಜಾಗ ಇಲ್ಲ ಅಂತ ನಂದನ್ನೇ ತೆಗೆದ್ಯಾ?"

ಅವನು ಮತ್ತೆ ಹಾಕುತ್ತೇನೆ, ಸ್ವಲ್ಪ ದಿನ ಹೋಗಲಿ ಎಂದು ಗೊಣಗಿದ. ಅವಳು ಮೆಲ್ಲಗೇ ಮಾತಾಡಿದಳು, ಅದು ಅವನಿಗೆ ಕೂಗಾಡುವುದಕ್ಕಿಂತ ಕಷ್ಟವಾಯಿತು.

"ಅಡುಗೆಮನೇಲಿ ಅತ್ತೆ ನನ್ನ ಸೇರಿಸ್ತಿಲ್ಲ. ಇಲ್ಲಿ ನೀನು ಆರು ಜಿಬಿ ಜಾಗ ಕೊಡಲ್ಲ. ಈ ಮನೇಲಿ ನಾನು ಎಲ್ಲಿರ್ಬೇಕು, ನೀನೇ ಹೇಳು. ಇನ್ಮೇಲೆ ಶನಿವಾರ ಭಾನುವಾರ ನಾನು ಅಮ್ಮನ ಮನೇಲೇ ಇರ್ತೀನಿ."

ಆ ವಾರ ಮನೆಯಲ್ಲಿ ಊಟಗಳು ಬೇಗಬೇಗ ಮುಗಿದವು. ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಹೇಮಂತ ಯುದ್ಧದ ಆಟ ತೆರೆದು ಐದೇ ನಿಮಿಷಕ್ಕೆ ಮುಚ್ಚುತ್ತಿದ್ದ. ಶೇಖರಪ್ಪನಿಗೆ ಮೊದಲು ಗೊತ್ತಾದದ್ದು ರೊಟ್ಟಿಯಿಂದ. ಬಡಿಯುವವಳೇ ಬೇಯಿಸಿದರೆ ರೊಟ್ಟಿ ಒಂದೋ ದಪ್ಪವಾಗುತ್ತದೆ, ಇಲ್ಲ ಕರಿಯಾಗುತ್ತದೆ. ಮೂರು ವಾರದಿಂದ ಎರಡೂ ಆಗುತ್ತಿತ್ತು. ಸೊಸೆ ಯಾಕೆ ಹಂಚಿನ ಮುಂದೆ ನಿಲ್ಲುತ್ತಿಲ್ಲ ಎಂದು ಹೆಂಡತಿಯನ್ನು ಕೇಳಿದ. ಅವಳದು ಓದು ಬರಹದ ಕೈ, ಸುಟ್ಟುಕೊಂಡರೆ ಏನು ಗತಿ ಎಂದಳು ಕಸ್ತೂರಿ. ಸೊಸೆಯನ್ನು ಕೇಳಿದ. ನನ್ನ ಕೈ ಸರಿಯಿಲ್ಲ ಅನ್ನಿಸುತ್ತೆ ಮಾವ ಎಂದಳು. ಕಾರ್ಖಾನೆಯಲ್ಲಿ ಯಾವ ಮಿಷನ್ ಸದ್ದು ಮಾಡಿದರೂ ಕೆಟ್ಟದ್ದೆಲ್ಲಿ ಎಂದು ಹೇಳಬಲ್ಲ ಮನುಷ್ಯ, ಮನೆಯಲ್ಲಿ ಏನು ಕೆಟ್ಟಿದೆಯೆಂದು ತಿಳಿಯದೆ ಒಣರೊಟ್ಟಿ ಮುರಿದುಕೊಂಡು ತಿಂದ.

ಆಟಕ್ಕೆ ಬರದ ಗೆಳತಿಯನ್ನು ನೋಡಿಹೋಗುತ್ತೇನೆಂದು ಸುಮೈರಾ ಶುಕ್ರವಾರ ಮೆಸೇಜು ಮಾಡಿದಳು. ಭಾನುವಾರ ಅವಳು ಬಂದು ಹೋದ ಮೇಲೆ ಪುಟ್ಟೇನಹಳ್ಳಿಗೆ ಹೊರಡುವುದೆಂದು ರಕ್ಷಾ ಬ್ಯಾಗು ತುಂಬಿಟ್ಟಳು. ಸುಮೈರಾ ಬರಬಹುದೇ ಎಂದು ಅತ್ತೆಯನ್ನು ಕೇಳಿದಾಗ ಕಸ್ತೂರಿ "ಬರಲಿ. ಊಟಕ್ಕ ಬರ ಹೇಳು" ಎಂದಳು.

ಶನಿವಾರವಿಡೀ ಕಸ್ತೂರಿ ಕೂರಲಿಲ್ಲ. ಅಟ್ಟದ ಮೇಲಿದ್ದ ಹಿತ್ತಾಳೆ ಪಾತ್ರೆ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದಳು, ಗ್ಯಾಸಿನ ಒಲೆಯನ್ನು ಬಿಚ್ಚಿ ತೊಳೆದಳು. ಭಾನುವಾರ ಬದನೆಕಾಯಿ ಎಣಗಾಯಿ, ಮಡಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹೋಳಿಗೆ, ಒಂದು ಅಗುಳೂ ತಳ ಹಿಡಿಯದ ಅನ್ನ. ಸಹಾಯಕ್ಕೆ ಬಂದ ಸೊಸೆಯನ್ನು ಗೆಳತಿಯೊಡನೆ ಕೂತಿರು ಎಂದು ಹಾಲಿಗೆ ಕಳಿಸಿದಳು.

ಸುಮೈರಾ ಲ್ಯಾಬೊಂದರಲ್ಲಿ ಟೆಕ್ನಿಶಿಯನ್, ಮಾತಿನ ಮಲ್ಲಿ. ಎರಡು ಎಣಗಾಯಿ ತಿಂದು ಮೂರನೆಯದಕ್ಕೆ ತಟ್ಟೆ ಚಾಚಿ, ಇಂಥ ಊಟ ತಿಂದು ವರ್ಷವಾಯಿತು ಆಂಟಿ ಎಂದಳು. ಕಸ್ತೂರಿ ಬಡಿಸುವುದನ್ನು ನಿಲ್ಲಿಸಿದಳು. ಮೂರು ವಾರ ಒಳಗೇ ಇಟ್ಟುಕೊಂಡದ್ದು ಬಾಯಿಗೆ ಬಂತು.

"ಉಂಡ ಮ್ಯಾಲೆ ಒಳಗ ಬಂದು ನೋಡಿ ಹೋಗವ್ವ. ತಾಟು ತೊಳದೇವೋ ಇಲ್ಲೋ, ಅನ್ನ ಸೀದೈತೋ ಇಲ್ಲೋ. ನೀ ಕೇಳಿದ್ದೆಲ್ಲಾ ಖರೆ ಐತೇನಂತ ನೋಡು."

ಸುಮೈರಾಳ ಕೈ ತುತ್ತಿನಲ್ಲೇ ನಿಂತಿತು. ರಕ್ಷಾ ಅತ್ತೆಯ ಮುಖವನ್ನೇ ನೋಡಿದಳು. "ಏನ್ ಕೇಳಿದ್ದು ಅತ್ತೆ?"

ಕಸ್ತೂರಿ ಒಂದೂ ಬಿಡದೆ ಹೇಳಿದಳು. ಗಲೀಜು ಪ್ಲೇಟು, ಸೀದ ಅನ್ನ, ನಾನೊಬ್ಬಳೇ ಎಷ್ಟು ಮಾಡಲಿ ಎಂದದ್ದು, ಯಾರೂ ಕೈ ಹಾಕುವುದಿಲ್ಲ ಎಂದದ್ದು. ಕೊನೆಗೆ ಸೊಸೆಯ ಕಡೆ ತಿರುಗಿದಳು. "ಬೆಂಕಿ ಹತ್ತೇತಿ ಅಂದಿ. ನಾ ಓಡಿ ಹೋಗಿ ಗ್ಯಾಸ್ ನೋಡಿದೆ. ನನ್ನ ಅಡಗಿಮನ್ಯಾಗ ಯಾವತ್ತ ಬೆಂಕಿ ಹತ್ತಿತ್ತವ್ವ?"

ಮೊದಲು ನಕ್ಕವಳು ಸುಮೈರಾ. ನಗಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದರೂ ತಡೆಯಲಿಲ್ಲ. "ಅದು ನಿಮ್ಮ ಕಿಚನ್ ಅಲ್ಲ ಆಂಟಿ, ನಮ್ದು. ಕಂಪ್ಯೂಟರ್‌ನಲ್ಲಿ ನಮ್ಮಿಬ್ರದೊಂದು ಹೋಟೆಲ್ ಇದೆ. ಅಲ್ಲಿ ತಟ್ಟೆ ತೊಳಿಯೋ ಕೆಲಸ ನಂದು, ನಾನು ತೊಳಿಯಲ್ಲ, ಅದಕ್ಕೆ ಇವಳು ಬೈತಾಳೆ. ಮೂರು ವರ್ಷದಿಂದ ಬೈತಿದಾಳೆ."

ರಕ್ಷಾ ನಗಲಿಲ್ಲ. ಅತ್ತೆ ಹಂಚಿನ ಮುಂದಿನಿಂದ ತನ್ನನ್ನು ಏಕೆ ಸರಿಸಿದಳೆಂದು ಈಗ ತಿಳಿದು, ಅವಳಿಗೆ ಅಳುವೇ ಬಂತು. ನಿಮ್ಮ ಬಗ್ಗೆ ನಾನು ಯಾರ ಹತ್ತಿರವೂ ಒಂದು ಮಾತು ಆಡಿಲ್ಲ ಅತ್ತೆ, ಆಟ ಆಡುತ್ತೇನೆಂದು ಹೇಳಲು ಹೆದರಿದ್ದೆ ಅಷ್ಟೇ ಎಂದಳು. ಹೇಮಂತ ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ಅಗಿಯುವುದನ್ನು ಮರೆತಿದ್ದ. ಅಮ್ಮ ಬೇಡವೆಂದದ್ದು ಆಟವನ್ನಲ್ಲ, ತಾನು ಅಳಿಸಿದ್ದು ದಂಡಕ್ಕೆ ಎಂಬುದು ಅವನ ತಲೆಗೆ ಹೋಗಲು ಇನ್ನರ್ಧ ನಿಮಿಷ ಹಿಡಿಯಿತು. ಹೋದ ಮೇಲೆ, ಅಮ್ಮನ ಮಾತಿಗೆ ಹೆದರಿ ಅಳಿಸಿದ್ದೆಂದು ಒಪ್ಪಿಕೊಂಡ.

ಶೇಖರಪ್ಪ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. "ಅದನ್ನ ಮತ್ತ ಹಾಕು. ಏನೈತಿ ಅದರಾಗ, ನಾವೂ ಒಂಚೂರು ನೋಡೂಣು."

ಆಟ ಇಳಿಯಲು ಮುಕ್ಕಾಲು ಗಂಟೆ ಬೇಕಾಯಿತು. ಅಷ್ಟು ಹೊತ್ತೂ ಕಸ್ತೂರಿ ಅಡುಗೆಮನೆಯಲ್ಲಿ ಒರೆಸಿದ್ದನ್ನೇ ಒರೆಸುತ್ತ ನಿಂತಿದ್ದಳು. ರಕ್ಷಾ ಬಂದು ಕರೆದಾಗ ರೂಮಿನ ಬಾಗಿಲವರೆಗೆ ಬಂದು ಅಲ್ಲೇ ನಿಂತಳು.

"ಒಳಗೆ ಬನ್ನಿ ಅತ್ತೆ."

"ನಾ ಒಳಗ ಬರಬಾರದು."

"ಬಂದಿದ್ರೆ ಇಷ್ಟೆಲ್ಲಾ ಆಗ್ತಿರ್ಲಿಲ್ಲ" ಎಂದು ಸೊಸೆ ಕೈ ಹಿಡಿದುಕೊಂಡಳು. ಕಸ್ತೂರಿ ಹೊಸ್ತಿಲು ದಾಟಿ ಮಂಚದ ತುದಿಯಲ್ಲಿ ಕೂತಳು. ಮೂಲೆಯಲ್ಲಿ ತುಂಬಿಟ್ಟ ಬ್ಯಾಗು ಅವಳ ಕಣ್ಣಿಗೆ ಬಿತ್ತು. ಎಲ್ಲಿಗೆ ಎಂದು ಕೇಳಲಿಲ್ಲ, ಗೊತ್ತಾಯಿತು.

ಗೆಳತಿಯರಿಬ್ಬರೂ ಅಕ್ಕಪಕ್ಕ ಕೂತು ಆಡಿದರು. ಪರದೆಯ ಮೇಲೆ ಇಬ್ಬರು ಗುಂಡುಗುಂಡಾದ ಅಡುಗೆಯವರು, ನದಿಯ ಮೇಲೆ ತೇಲುವ ಒಂದು ಅಡುಗೆಮನೆ. ಮೂರು ವರ್ಷದಿಂದ ಇಬ್ಬರಿಗೂ ಆಟದ ಈ ನದಿಯ ಹಂತ ದಾಟಲು ಆಗಿರಲಿಲ್ಲ. ಇಬ್ಬರೂ ಒಟ್ಟಿಗೇ ಅನ್ನಕ್ಕೆ ಓಡಿದರು, ಒಟ್ಟಿಗೇ ತಟ್ಟೆಗೆ ಓಡಿದರು, ಡಿಕ್ಕಿ ಹೊಡೆದುಕೊಂಡರು, ಅನ್ನ ಸೀದಿತು, ಬೆಂಕಿ ಹತ್ತಿತು. ಕಸ್ತೂರಿ ಎರಡು ಸಲ ನೋಡಿದಳು. ಮೂರನೆಯ ಸಲಕ್ಕೆ ಅವಳಿಂದ ತಡೆದುಕೊಳ್ಳಲು ಆಗಲಿಲ್ಲ.

"ಇಬ್ರೂ ಎಲ್ಲಾ ಕೆಲಸಕ್ಕೂ ಯಾಕ ಓಡ್ತೀರಿ? ರೊಟ್ಟಿ ಹೆಂಗ ಮಾಡ್ತೀವಿ? ಒಬ್ಬಾಕಿ ಬಡೀಬೇಕು, ಒಬ್ಬಾಕಿ ಬೇಯಿಸಬೇಕು. ಬಡಿಯಾಕಿ ಹಂಚಿನ ಕಡೆ ನೋಡಬಾರದು. ನೀ ಒಲಿ ಬಿಟ್ಟು ಅಲುಗಬ್ಯಾಡ ರಕ್ಷಾ. ಏ ಹುಡುಗಿ, ನೀ ಹೆಚ್ಚಿ ಹೆಚ್ಚಿ ಆಕಿ ಕೈಗೆ ಕೊಡು, ನಡುವ ತಾಟು ತೊಳಿ."

ಹಾಗೇ ಮಾಡಿದರು. ಮೊದಲ ಸಲ ಕೂದಲೆಳೆಯಲ್ಲಿ ತಪ್ಪಿತು. ಎರಡನೆಯ ಸಲ ನದಿ ದಾಟಿದರು, ಪರದೆಯ ಮೇಲೆ ಮೂರು ನಕ್ಷತ್ರ ಬಂದವು. ಸುಮೈರಾ ಕುರ್ಚಿಯಿಂದೆದ್ದು ಕಸ್ತೂರಿಯನ್ನು ತಬ್ಬಿಕೊಂಡಳು. ಕಸ್ತೂರಿ ಮಾತ್ರ ಪರದೆಯನ್ನೇ ನೋಡುತ್ತಿದ್ದಳು.

"ಮೂರು ವಾರ ನಾನೂ ಇದನ್ನ ಮಾಡಿದ್ನಲ್ಲ" ಎಂದಳು. "ನಾ ಒಬ್ಬಾಕೀನೇ ರೊಟ್ಟಿ ಬಡದು, ಒಬ್ಬಾಕೀನೇ ಬೇಯಿಸಿ. ಒಂದು ಮಾತು ನಿನ್ನ ಕೇಳಬೇಕಾಗಿತ್ತು. ತಪ್ಪಾತವ್ವ."

ಕಸ್ತೂರಿ ಮಂಡಿ ಹಿಡಿದುಕೊಂಡು ಎದ್ದಳು. ರಾತ್ರಿಗೆ ರೊಟ್ಟಿ ಆಗಬೇಕು, ಸುಮೈರಾ ಮನೆಗೂ ನಾಲ್ಕು ಕಟ್ಟಿಕೊಡಬೇಕು ಎಂದು ಯಾರಿಗೂ ಅಲ್ಲದ ಹಾಗೆ ಹೇಳುತ್ತ ಹೊರಟಳು. ಬಾಗಿಲಲ್ಲಿ ತಿರುಗಿ, ಯುದ್ಧದ ಆಟದಲ್ಲಿ ಅಷ್ಟು ದೊಡ್ಡದೇನಿದೆಯೆಂದು ಮಗನನ್ನು ಕೇಳಿದಳು. ಇನ್ನೊಮ್ಮೆ ಜಾಗ ಸಾಲದಿದ್ದರೆ ಮೊದಲು ಅದನ್ನೇ ತೆಗೆ ಎಂದೂ ಹೇಳಿದಳು. ಹೇಮಂತ ಹೂಂ ಎಂದ.

ಗೋಡೆಯಾಚೆ ಹಿಟ್ಟು ನಾದುವ ಸದ್ದು, ಆಮೇಲೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಒಂದು ರೊಟ್ಟಿಯಷ್ಟು ಹೊತ್ತು ಬಡಿದು ನಿಂತಿತು. ರಕ್ಷಾ ಕಿವಿಗೊಟ್ಟಳು. ಮೂರು ವಾರದಿಂದ ಆ ಬಿಡುವಿನಲ್ಲಿ ಅತ್ತೆ ಎದ್ದು ಹಂಚಿನ ಕಡೆ ಹೋಗುವ ಹೆಜ್ಜೆ ಕೇಳುತ್ತಿತ್ತು. ಈಗ ಕೇಳಲಿಲ್ಲ. ಹಂಚು ಕಾದಿತ್ತು, ಬಡಿದ ರೊಟ್ಟಿ ಹಾಗೇ ಇತ್ತು, ಅತ್ತೆ ಕೂತಲ್ಲೇ ಕಾಯುತ್ತಿದ್ದಳು.

ರಕ್ಷಾ ಎದ್ದಳು. ಹೋಗುವಾಗ ಬ್ಯಾಗನ್ನು ಕಾಲಿಂದ ಮಂಚದ ಕೆಳಗೆ ತಳ್ಳಿ, ಕೈ ತೊಳೆದುಕೊಂಡು ಹಂಚಿನ ಮುಂದೆ ಹೋಗಿ ನಿಂತಳು.